ಪಂಚರ್ ಆದ ಟ್ಯೂಬ್ ಬದಲಿಸಿ ಬಂಕಿನಲ್ಲಿ ಗಾಳಿ ಹೊಡೆಸಿದೆ, ಹತ್ತೇ ನಿಮಿಷಕ್ಕೆ ಢಂ ಅಂತ ಒಡೆಯಿತು. ಯಾಕೆ?

ಪ್ರಶ್ನೆ: ನನ್ನದು 700×38 (ಅಂದರೆ 38 ಮಿ.ಮೀ. ಅಗಲದ) ಟಯರಿನ ಹೈಬ್ರಿಡ್ ಸೈಕಲ್. ಭಾನುವಾರ ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗಿ ಬರುತ್ತೇನೆ. ಹೋದ ತಿಂಗಳು ವಾಪಸ್ ಬರುವಾಗ ಹಿಂದಿನ ಚಕ್ರ ಪಂಚರ್ ಆಯಿತು. ಚೀಲದಲ್ಲಿದ್ದ ಹೊಸ ಟ್ಯೂಬ್ ಹಾಕಿ ಸಣ್ಣ ಪಂಪಿನಲ್ಲಿ ಸ್ವಲ್ಪ ಗಾಳಿ ಹೊಡೆದೆ. ಕೈ ಸೋತಿತು. ತಳ್ಳಿಕೊಂಡು ಪೆಟ್ರೋಲ್ ಬಂಕಿಗೆ ಹೋದೆ. ಅಲ್ಲಿನ ಹುಡುಗ ಮೆಷಿನ್ನಿನಲ್ಲಿ 60 ಅಂತ ಇಟ್ಟು ಗಾಳಿ ಹೊಡೆದ. ಪಕ್ಕದಲ್ಲೇ ಟೀ ಕುಡಿಯುತ್ತಾ ನಿಂತಿದ್ದೆ, ಹತ್ತು ನಿಮಿಷಕ್ಕೆ ಪಟಾಕಿ ಸಿಡಿದ ಹಾಗೆ ಶಬ್ದ. ಬಿಚ್ಚಿ ನೋಡಿದರೆ ಟ್ಯೂಬ್ ಗೇಣುದ್ದ ಸೀಳಿದೆ. ಟಯರಿನಲ್ಲಿ ಹೊಸ ತೂತು ಕಾಣಿಸಲಿಲ್ಲ. ಟಯರಿನ ಮೇಲೆ 50–75 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂತ ಬರೆದಿದೆ, ಅಂದರೆ 60 ಜಾಸ್ತಿ ಅಲ್ಲ, ಅಲ್ವಾ? ಬಿಸಿಲಿಗೆ ಗಾಳಿ ಹಿಗ್ಗಿತು ಅಂತ ಒಬ್ಬರು, ಕಳಪೆ ಟ್ಯೂಬ್ ಅಂತ ಇನ್ನೊಬ್ಬರು, ಬಂಕಿನ ಗಾಳಿ ಸೈಕಲ್ಲಿಗೆ ಆಗಿಬರಲ್ಲ ಅಂತ ಮತ್ತೊಬ್ಬರು ಹೇಳುತ್ತಾರೆ. ಈಗ ಗಾಳಿ ಹೊಡೆಯುವುದಕ್ಕೇ ಹೆದರಿಕೆ. ದಾರಿಯಲ್ಲಿ ಗೇಜ್ ಇಲ್ಲದೆ ಎಷ್ಟು ಗಾಳಿ ಸಾಕು ಅಂತ ಹೇಗೆ ತಿಳಿಯುವುದು? ಗಾಳಿ ಬದಲು ತುಂಬುವ ಸಣ್ಣ ಸಿಓಟೂ (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ತೆಗೆದುಕೊಂಡರೆ ಒಳ್ಳೆಯದಾ?

ಉತ್ತರ: ಹೆದರಿಕೆ ಆಗಿದ್ದು ಸಹಜ. ಟಯರ್ ಒಡೆಯುವ ಶಬ್ದ ಹತ್ತಿರದಿಂದ ಕೇಳಿದವರಿಗೆ ಗೊತ್ತು, ಕಿವಿ ಒಂದಷ್ಟು ಹೊತ್ತು ಗುಂಯ್ ಅನ್ನುತ್ತಿರುತ್ತದೆ. ಆದರೆ ಕಾರಣ ಹುಡುಕಲು ಬೇಕಾದ್ದೆಲ್ಲ ನಿಮ್ಮ ಪತ್ರದಲ್ಲೇ ಇದೆ. ಸೀಳು ಗೇಣುದ್ದ ಇದೆ. ಟಯರಿನಲ್ಲಿ ತೂತಿಲ್ಲ. ಗಾಳಿ ಹೊಡೆದ ಕೂಡಲೇ ಒಡೆಯಲಿಲ್ಲ, ಹತ್ತು ನಿಮಿಷ ತಡೆದು ಒಡೆಯಿತು. ಈ ಮೂರೂ ಒಟ್ಟಿಗೆ ಬಂದರೆ ಸೈಕಲ್ ರಿಪೇರಿ ಮಾಡುವವರು ಗಾಳಿಯನ್ನು ಆಮೇಲೆ ಅನುಮಾನಿಸುತ್ತಾರೆ, ಮೊದಲು ಕೇಳುವುದು ಟಯರ್ ರಿಮ್ಮಿನೊಳಗೆ ಸರಿಯಾಗಿ ಕೂತಿತ್ತಾ ಅಂತ. ನಿಮ್ಮದು ಕೂತಿರಲಿಲ್ಲ. ಟ್ಯೂಬಿನ ಒಂದು ಭಾಗ ಟಯರಿನ ಅಂಚಿನ ಅಡಿಗೆ ಸಿಕ್ಕಿಕೊಂಡಿತ್ತು.

ಇದು ಅರ್ಥ ಆಗಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಗಾಳಿಯ ಒತ್ತಡವನ್ನು ತಡೆದುಕೊಳ್ಳುವುದು ಟ್ಯೂಬ್ ಅಲ್ಲ, ಟಯರ್. ಅನುಮಾನ ಇದ್ದರೆ ಹಳೇ ಟ್ಯೂಬೊಂದನ್ನು ಟಯರಿಲ್ಲದೆ ಹಾಗೇ ಹಿಡಿದು ಹತ್ತು ಹದಿನೈದು ಸಲ ಪಂಪ್ ಹೊಡೆಯಿರಿ. ಹೆಬ್ಬಾವಿನ ಹಾಗೆ ಊದಿಕೊಳ್ಳುತ್ತದೆ, ಆದರೆ ಗೇಜಿನ ಮುಳ್ಳು ಹೆಚ್ಚುಕಮ್ಮಿ ಸೊನ್ನೆಯಲ್ಲೇ ಇರುತ್ತದೆ. ಅಷ್ಟಕ್ಕೇ ನಿಲ್ಲಿಸಿ, ಒಡೆಸಬೇಡಿ. ಟ್ಯೂಬಿನ ಕೆಲಸ ಗಾಳಿ ಸೋರದ ಹಾಗೆ ನೋಡಿಕೊಳ್ಳುವುದು ಮಾತ್ರ. 60 ಪಿಎಸ್‌ಐ ಭಾರ ಹೊರುವುದು ಟಯರಿನ ಒಳಗಿನ ದಾರದ ಹೆಣಿಗೆ ಮತ್ತು ಅದರ ಎರಡೂ ಅಂಚಿನಲ್ಲಿರುವ ಬಿಗಿ ತಂತಿ. ಆ ಅಂಚು ರಿಮ್ಮಿನ ಕೊಕ್ಕೆಗೆ ಸುತ್ತಲೂ ಸಿಕ್ಕಿಕೊಂಡು ಕೂರಬೇಕು. ಒಂದು ಇಂಚು ಜಾಗದಲ್ಲಿ ಅಂಚಿನಡಿ ಟ್ಯೂಬ್ ಸಿಕ್ಕಿದ್ದರೂ ಅಲ್ಲಿ ಟಯರ್ ಕೊಕ್ಕೆಗೆ ಸಿಗುವುದಿಲ್ಲ. 20 ಪಿಎಸ್‌ಐಗೆ ಏನೂ ಆಗುವುದಿಲ್ಲ. 60ಕ್ಕೆ ಏರಿಸಿದಾಗ ಟ್ಯೂಬ್ ಆ ಸಂದಿಯನ್ನು ನಿಧಾನಕ್ಕೆ ಅಗಲ ಮಾಡುತ್ತಾ, ಟಯರನ್ನು ಮೇಲಕ್ಕೆ ಎತ್ತುತ್ತಾ ಹೊರಗೆ ಬರುತ್ತದೆ. ಒಂದು ಸಣ್ಣ ಗುಳ್ಳೆ ಕಾಣುತ್ತದೆ, ನೋಡುವವರಿದ್ದರೆ. ಆ ಗುಳ್ಳೆಯ ಸುತ್ತ ಟಯರ್ ಇಲ್ಲ, ತಡೆಯುವವರಿಲ್ಲ, ಅದು ಊದಿ ಸಿಡಿಯುತ್ತದೆ. ನಿಮ್ಮ ಟೀ ಮುಗಿಯುವಷ್ಟು ಹೊತ್ತು ಅದಕ್ಕೆ ಸಾಕಾಯಿತು.

ಈಗ ನಿಮ್ಮ ಗೆಳೆಯರ ಮಾತುಗಳಿಗೆ ಬರೋಣ.

ಬಿಸಿಲಿನ ಕಥೆ ನಮ್ಮಲ್ಲಿ ಎಲ್ಲರೂ ಹೇಳುವುದೇ. ಬಿಸಿಗೆ ಗಾಳಿ ಹಿಗ್ಗುವುದು ನಿಜ, ಎಷ್ಟು ಅನ್ನುವುದು ಮುಖ್ಯ. 27 ಡಿಗ್ರಿಯಲ್ಲಿ 60 ಪಿಎಸ್‌ಐ ಹೊಡೆದ ಟಯರ್ ಬಿಸಿಲಲ್ಲಿ ನಿಂತು ಒಳಗಿನ ಗಾಳಿ 57 ಡಿಗ್ರಿ ಆಯಿತು ಅಂತಿಟ್ಟುಕೊಳ್ಳಿ. ಒತ್ತಡ ಏರುವುದು ಏಳೆಂಟು ಪಿಎಸ್‌ಐ ಅಷ್ಟೇ. ಅಂದರೆ 67–68. ನಿಮ್ಮ ಟಯರಿನ ಮಿತಿ 75. ಸರಿಯಾಗಿ ಕೂತ ಟಯರ್ ಇದಕ್ಕೆ ಒಡೆಯುವುದಿಲ್ಲ. ಸರಿಯಾಗಿ ಕೂರದ ಟಯರಿಗೆ ಬಿಸಿಲು ಕೊನೇ ನೂಕು ಕೊಡಬಹುದು, ಅಷ್ಟು ಮಾತ್ರ ಒಪ್ಪುತ್ತೇನೆ. ಬಿಸಿಯ ವಿಷಯದಲ್ಲಿ ನಿಜವಾಗಿ ಯೋಚಿಸಬೇಕಾದ್ದು ಬೇರೆ ಇದೆ. ನಿಮ್ಮದು ರಿಮ್ಮಿಗೇ ರಬ್ಬರ್ ಒತ್ತುವ ಬ್ರೇಕ್ ಆಗಿದ್ದರೆ, ದುರ್ಗದ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿಯುತ್ತಾ ಬಂದಾಗ ರಿಮ್ ಕೈ ಇಡಲಾರದಷ್ಟು ಕಾಯುತ್ತದೆ. ಆ ಕಾವು ನೆಟ್ಟಗೆ ಟ್ಯೂಬಿಗೆ ಹೋಗುತ್ತದೆ. ಹಾಗಾಗಿ ಉದ್ದಕ್ಕೂ ಎಳೆದು ಹಿಡಿಯದೆ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಇಳಿಯಿರಿ.

ಕಳಪೆ ಟ್ಯೂಬ್? ಕಳಪೆ ಟ್ಯೂಬು ಹೀಗೆ ಸಾಯುವುದಿಲ್ಲ. ಅದು ವಾಲಿನ (ಗಾಳಿ ಹೊಡೆಯುವ ಮೂತಿಯ) ಬುಡದಲ್ಲಿ ಬಿರುಕು ಬಿಡುತ್ತದೆ, ಇಲ್ಲ ಬೆಸುಗೆಯ ಗೆರೆಯಲ್ಲಿ ಸುಯ್ ಅಂತ ಸೋರುತ್ತದೆ. ಟಯರಿನ ಒಳಗೆ ಸರಿಯಾಗಿರುವ ಟ್ಯೂಬ್ ಎಂಥ ಕಳಪೆಯದಾದರೂ ಪಟಾಕಿ ಶಬ್ದ ಮಾಡುವುದು ಅಪರೂಪ, ಯಾಕೆಂದರೆ ಅದಕ್ಕೆ ಹಿಗ್ಗಲು ಜಾಗವೇ ಇಲ್ಲ. ಆ ಶಬ್ದ ಬಂತು ಅಂದರೆ ಟ್ಯೂಬ್ ಹೊರಗೆ ಬಂದಿತ್ತು ಅಂತಲೇ ಅರ್ಥ.

ಒಡೆದ ಟ್ಯೂಬನ್ನು ಎಸೆದಿಲ್ಲ ತಾನೆ? ಎಸೆಯುವ ಮೊದಲು ಒಮ್ಮೆ ಓದಿ. ಸೀಳು ಟ್ಯೂಬಿನ ಪಕ್ಕದಲ್ಲಿ, ಉದ್ದಕ್ಕೆ ಇದ್ದರೆ ನಾನು ಹೇಳಿದ್ದೇ ಕಾರಣ. ಹೊರಮೈಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಮುಳ್ಳು. ಪಕ್ಕಪಕ್ಕದಲ್ಲಿ ಎರಡು ಸಣ್ಣ ಸೀಳು, ಹಾವು ಕಚ್ಚಿದ ಗುರುತಿನ ಹಾಗೆ ಇದ್ದರೆ, ಗಾಳಿ ಕಡಿಮೆ ಇಟ್ಟುಕೊಂಡು ಗುಂಡಿಗೆ ಹಾರಿಸಿದ್ದೀರಿ, ಟ್ಯೂಬ್ ರಿಮ್ಮಿಗೂ ರಸ್ತೆಗೂ ನಡುವೆ ಜಜ್ಜಿಹೋಗಿದೆ. ಒಳಮೈಯಲ್ಲಿ, ಅಂದರೆ ಕಡ್ಡಿಗಳ ಕಡೆಗೆ ತೂತಿದ್ದರೆ ರಿಮ್ಮಿನೊಳಗೆ ಸುತ್ತಿರುವ ಟೇಪ್ ಸರಿದು ಕಡ್ಡಿಯ ರಂಧ್ರದ ಅಂಚು ಕೊರೆದಿದೆ. ವಾಲಿನ ಬುಡ ಕಿತ್ತಿದ್ದರೆ ಪಂಪ್ ಹೊಡೆಯುವಾಗ ಎಳೆದಾಡಿದ್ದೀರಿ. ಇಷ್ಟು ನೋಡದೆ ಹೊಸ ಟ್ಯೂಬ್ ಹಾಕುವುದು ಸುಮ್ನೆ ದುಡ್ಡು ದಂಡ.

ಬಂಕಿನ ವಿಷಯದಲ್ಲಿ ನಿಮ್ಮ ಮೂರನೇ ಗೆಳೆಯರು ಅರ್ಧ ಸರಿ. ಗಾಳಿ ಗಾಳಿಯೇ, ಬಂಕಿನದಾದರೇನು ಪಂಪಿನದಾದರೇನು. ತೊಂದರೆ ವೇಗದ್ದು. ನಿಮ್ಮ ಟಯರಿನ ಒಳಗೆ ಇರುವ ಜಾಗ ಎರಡು ಲೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಾರಿನ ಟಯರಿನಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ. ಬಂಕಿನ ಮೆಷಿನ್ ಮಾಡಿರುವುದು ಕಾರಿಗೆ, ಲಾರಿಗೆ. ಅದು ಒಂದು ದಮ್ಮು ಗಾಳಿ ಬಿಡುತ್ತದೆ, ನಿಂತು ಅಳೆಯುತ್ತದೆ, ಮತ್ತೆ ಬಿಡುತ್ತದೆ. ಸೈಕಲ್ಲಿಗೆ ಆ ಒಂದೆರಡು ದಮ್ಮೇ ಜಾಸ್ತಿಯಾಗಿಬಿಡಬಹುದು. 60 ದಾಟದೇ ನಿಂತಿತು ಅಂತಲೇ ಇಟ್ಟುಕೊಳ್ಳೋಣ. ಆಗಲೂ ಕೈಪಂಪಿನಲ್ಲಿ ಐದು ನಿಮಿಷ ಹಿಡಿಯುವ ಕೆಲಸ ಇಲ್ಲಿ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. ನಡುವೆ ನಿಲ್ಲಿಸಿ, ಚಕ್ರ ತಿರುಗಿಸಿ, ಟಯರ್ ಸರಿ ಕೂತಿದೆಯಾ ಅಂತ ನೋಡುವ ಅವಕಾಶವೇ ಸಿಗುವುದಿಲ್ಲ. ಆ ಹುಡುಗನನ್ನು ಬೈದು ಪ್ರಯೋಜನ ಇಲ್ಲ, ಅವನು ಹೇಳಿದ ಸಂಖ್ಯೆ ಒತ್ತಿದ.

ಮುಂದಿನ ಸಲ ಹೇಗೆ ಮಾಡಬೇಕು ಅಂದರೆ, ಕೆಲಸ ಪಂಪ್ ಹಿಡಿಯುವ ಮೊದಲೇ ಶುರುವಾಗುತ್ತದೆ. ರಸ್ತೆಯಿಂದ ಚೆನ್ನಾಗಿ ಒಳಗೆ ಬನ್ನಿ, ಲಾರಿ ಬರುವ ಕಡೆ ಬೆನ್ನು ಹಾಕಿ ಕೂರಬೇಡಿ. ಹಿಂದಿನ ಚಕ್ರ ಆದ್ದರಿಂದ ಬಿಚ್ಚುವ ಮುಂಚೆ ಚೈನನ್ನು ಅತಿ ಸಣ್ಣ ಹಲ್ಲುಗಾಲಿಗೆ ತನ್ನಿ, ಆಮೇಲೆ ವಾಪಸ್ ಹಾಕುವಾಗ ಒದ್ದಾಟ ಇರುವುದಿಲ್ಲ. ಡಿಸ್ಕ್ ಬ್ರೇಕ್ ಇದ್ದರೆ ಇಳಿಜಾರು ಮುಗಿದ ಕೂಡಲೇ ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಚಕ್ರ ಹೊರಗಿದ್ದಾಗ ಬ್ರೇಕ್ ಹಿಡಿಯನ್ನೂ ಒತ್ತಬೇಡಿ.

ಹಳೇ ಟ್ಯೂಬ್ ತೆಗೆದ ಮೇಲೆ ಅದಕ್ಕೆ ಸ್ವಲ್ಪ ಗಾಳಿ ಹೊಡೆದು ತೂತು ಎಲ್ಲಿದೆ ನೋಡಿ. ಇಲ್ಲಿ ಒಂದು ಅಂಗಡಿ ಅಭ್ಯಾಸ ಹೇಳುತ್ತೇನೆ: ಟಯರ್ ಹಾಕುವಾಗ ಯಾವಾಗಲೂ ಟಯರಿನ ಮೇಲಿನ ಕಂಪನಿ ಹೆಸರು ವಾಲಿನ ಪಕ್ಕದಲ್ಲೇ ಬರುವ ಹಾಗೆ ಹಾಕಿ. ಆಗ ಟ್ಯೂಬಿನಲ್ಲಿ ವಾಲಿನಿಂದ ಎರಡು ಗೇಣು ದೂರ ತೂತಿದ್ದರೆ, ಟಯರಿನಲ್ಲೂ ಹೆಸರಿನಿಂದ ಎರಡು ಗೇಣು ದೂರ ಹುಡುಕಿದರೆ ಸಾಕು. ಯಾವ ಕಡೆಗೆ ಅಂತ ಗೊತ್ತಿಲ್ಲದಿದ್ದರೆ ಎರಡೂ ಕಡೆ ನೋಡಿ. ನಮ್ಮ ಬಯಲುಸೀಮೆ ರಸ್ತೆ ಬದಿಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಎಂಥದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹೊರಗಿನಿಂದ ಮುರಿದು ಹೋಗಿ, ಮೊನೆ ಮಾತ್ರ ಟಯರಿನ ರಬ್ಬರಿನಲ್ಲಿ ಉಳಿದಿರುತ್ತದೆ. ಲಾರಿ ಟಯರಿನಿಂದ ಉದುರಿದ ಕೂದಲೆಳೆ ತಂತಿ ಇನ್ನೂ ಕೆಟ್ಟದು, ಕಣ್ಣಿಗೆ ಕಾಣುವುದೇ ಇಲ್ಲ. ಒಳಗೆ ಬರಿ ಬೆರಳು ಆಡಿಸಿದರೆ ಚುಚ್ಚಿಸಿಕೊಳ್ಳುತ್ತೀರಿ. ಕರವಸ್ತ್ರ ಸುತ್ತಿಕೊಂಡು ಸವರಿ, ಎಲ್ಲಿ ಬಟ್ಟೆ ಎಳೆಯುತ್ತದೋ ಅಲ್ಲಿ ಮುಳ್ಳಿದೆ. ಟಯರೇ ಅರ್ಧ ಇಂಚು ಕೊಯ್ದುಹೋಗಿದ್ದರೆ ಒಳಗಿನಿಂದ ಹಳೇ ಟ್ಯೂಬಿನ ತುಂಡನ್ನೋ, ಮಡಿಸಿದ ನೋಟನ್ನೋ ಅಡ್ಡ ಇಟ್ಟು, ಗಾಳಿ ಸ್ವಲ್ಪ ಕಡಿಮೆ ಹೊಡೆದು, ನಿಧಾನಕ್ಕೆ ಮನೆ ಸೇರಬಹುದು. ಅದರಲ್ಲೇ ಮುಂದಿನ ಭಾನುವಾರವೂ ಹೋಗುವ ಧೈರ್ಯ ಬೇಡ.

ಹೊಸ ಟ್ಯೂಬಿಗೆ ಟಯರೊಳಗೆ ತುರುಕುವ ಮೊದಲೇ ಎರಡು ಮೂರು ಪಂಪು ಗಾಳಿ ಹೊಡೆಯಿರಿ. ದುಂಡಗೆ ಆಗಬೇಕು, ಉಬ್ಬಬಾರದು. ಚಪ್ಪಟೆ ಟ್ಯೂಬ್ ಮಡಿಚಿಕೊಂಡು ಅಂಚಿನಡಿ ಹೋಗುತ್ತದೆ, ದುಂಡಗಿನದು ಹೋಗುವುದಿಲ್ಲ. ವಾಲನ್ನು ರಿಮ್ಮಿನ ತೂತಿಗೆ ಹಾಕಿ, ಟ್ಯೂಬ್ ಸುತ್ತಲೂ ಒಳಗೆ ಸೇರಿಸಿ, ಟಯರಿನ ಅಂಚನ್ನು ವಾಲಿನ ಎದುರುಗಡೆಯಿಂದ ಶುರು ಮಾಡಿ ಎರಡೂ ಕೈಯಲ್ಲಿ ತಳ್ಳುತ್ತಾ ವಾಲಿನ ಹತ್ತಿರ ಮುಗಿಸಿ. ಬಹಳ ಜನ ಉಲ್ಟಾ ಮಾಡುತ್ತಾರೆ. ವಾಲಿನ ಬುಡ ದಪ್ಪ ಇರುವುದರಿಂದ ಅಲ್ಲಿ ಟಯರಿನ ಅಂಚು ರಿಮ್ಮಿನ ನಡುವಿನ ಹಳ್ಳಕ್ಕೆ ಇಳಿಯುವುದಿಲ್ಲ, ಕೊನೇ ನಾಲ್ಕು ಇಂಚು ವಿಪರೀತ ಬಿಗಿಯಾಗುತ್ತದೆ. ಆಗ ಸ್ಕ್ರೂಡ್ರೈವರ್ ಹುಡುಕುತ್ತಾರೆ. ಟ್ಯೂಬ್ ಕಚ್ಚಿಸಿಕೊಳ್ಳುವುದು ಆ ಹೊತ್ತಿನಲ್ಲೇ. ಬಿಗಿಯಾದರೆ ಚಕ್ರದ ಸುತ್ತ ಟಯರಿನ ಎರಡೂ ಅಂಚನ್ನು ಚಿವುಟಿ ನಡುವಿನ ಹಳ್ಳಕ್ಕೆ ಬೀಳಿಸುತ್ತಾ ಬನ್ನಿ, ಸಡಿಲ ಸಿಗುತ್ತದೆ, ಅಂಗೈಯಲ್ಲೇ ತಳ್ಳಬಹುದು. ಕೊನೆಗೆ ವಾಲನ್ನು ಒಮ್ಮೆ ಒಳಕ್ಕೆ ಒತ್ತಿ ಹೊರಕ್ಕೆ ಎಳೆಯಿರಿ, ಬುಡದಲ್ಲಿ ಟ್ಯೂಬ್ ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತದೆ.

ಇನ್ನು ಮುಂದಿನದು ನಿಮ್ಮ ವಿಷಯದಲ್ಲಿ ತಪ್ಪಿಹೋದ ಭಾಗ. ಟಯರನ್ನು ಪಕ್ಕಕ್ಕೆ ಒತ್ತಿ ರಿಮ್ಮಿಗೂ ಟಯರಿಗೂ ನಡುವೆ ಇಣುಕಿ ನೋಡಿ. ಸುತ್ತಲೂ, ಎರಡೂ ಕಡೆ. ಟ್ಯೂಬಿನ ಕಪ್ಪು ಎಲ್ಲೂ ಕಾಣಬಾರದು. ಆಮೇಲೆ 15–20 ಪಿಎಸ್‌ಐ ಮಾತ್ರ ಹೊಡೆಯಿರಿ, ಹೆಬ್ಬೆರಳಲ್ಲಿ ಒತ್ತಿದರೆ ಇನ್ನೂ ಸುಲಭವಾಗಿ ಒಳಗೆ ಹೋಗುವಷ್ಟು. ನಿಲ್ಲಿಸಿ. ಚಕ್ರ ತಿರುಗಿಸಿ. ಟಯರಿನ ಪಕ್ಕದಲ್ಲಿ, ರಿಮ್ಮಿಗೆ ಹತ್ತಿರ, ಒಂದು ತೆಳು ಗೆರೆ ಉಬ್ಬಿಕೊಂಡಿರುತ್ತದೆ. ಅದು ಚಂದಕ್ಕೆ ಇಟ್ಟದ್ದಲ್ಲ, ಇದಕ್ಕೇ ಇಟ್ಟದ್ದು. ಆ ಗೆರೆ ಸುತ್ತಲೂ ರಿಮ್ಮಿನಿಂದ ಒಂದೇ ದೂರದಲ್ಲಿರಬೇಕು. ಎಲ್ಲಾದರೂ ಗೆರೆ ರಿಮ್ಮಿನೊಳಗೆ ಮುಳುಗಿದ್ದರೆ ಅಲ್ಲಿ ಟಯರ್ ಇನ್ನೂ ಮೇಲೆ ಬಂದಿಲ್ಲ. ಎಲ್ಲಾದರೂ ಎದ್ದಿದ್ದರೆ ಅಡಿಯಲ್ಲಿ ಟ್ಯೂಬ್ ಇದೆ. ಎರಡಕ್ಕೂ ಮದ್ದು ಒಂದೇ, ಗಾಳಿ ಪೂರ್ತಿ ಬಿಟ್ಟು ಕೈಯಲ್ಲಿ ತಿಕ್ಕಿ ಕೂರಿಸಿ ಮತ್ತೆ ಹೊಡೆಯುವುದು. ಇನ್ನಷ್ಟು ಗಾಳಿ ಹೊಡೆದರೆ ತಾನೇ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಗೆರೆ ಸರಿ ಇದ್ದ ಮೇಲೆ ಯಾವುದರಿಂದ ಬೇಕಾದರೂ ಗಾಳಿ ತುಂಬಿ, ನನ್ನದೇನೂ ತಕರಾರಿಲ್ಲ.

ತುಂಬುವಾಗ ಮುಖ ಟಯರಿನ ಪಕ್ಕಕ್ಕೆ ಬರದ ಹಾಗೆ ಕೂತುಕೊಳ್ಳಿ. ಗಾಳಿ ಸೋರುತ್ತಿದೆಯಾ ಅಂತ ಕಿವಿ ಹಚ್ಚಿ ಕೇಳುವುದೆಲ್ಲ 20 ಪಿಎಸ್‌ಐ ಒಳಗೆ ಮುಗಿಸಿ. ಪಂಪನ್ನು ವಾಲಿಗೆ ನೇರ ಸಿಕ್ಕಿಸುವಂಥದ್ದಾದರೆ ಒಂದು ಕೈಯಲ್ಲಿ ಪಂಪಿನ ತಲೆಯನ್ನೂ ಕಡ್ಡಿಯನ್ನೂ ಸೇರಿಸಿ ಹಿಡಿಯಿರಿ, ಇಲ್ಲದಿದ್ದರೆ ಪ್ರತಿ ಒತ್ತಿಗೂ ವಾಲಿನ ಬುಡ ಅಲ್ಲಾಡುತ್ತದೆ.

ಸಿಓಟೂ ಬಗ್ಗೆ ಕೇಳಿದ್ದೀರಿ, ಅದಕ್ಕೂ ಮೊದಲು ಪಂಪಿನ ಮಾತು. ಸಣ್ಣ ಪಂಪಿನಲ್ಲಿ ನಿಮ್ಮ ಟಯರಿಗೆ 50 ಬರಬೇಕಾದರೆ ಸುಮಾರು ನೂರೈವತ್ತು ಇನ್ನೂರು ಸಲ ಒತ್ತಬೇಕು, ಕೈ ಸೋತದ್ದರಲ್ಲಿ ಆಶ್ಚರ್ಯ ಇಲ್ಲ. ಮೆದುಗೊಳವೆ ಇರುವ, ನೆಲಕ್ಕೆ ಒತ್ತಿ ಹೊಡೆಯಬಹುದಾದ ಸಣ್ಣ ಪಂಪ್ ಸಿಗುತ್ತದೆ, ಸ್ವಲ್ಪ ದುಬಾರಿ. ನನ್ನ ಮಾತು ಕೇಳುವುದಾದರೆ ಅದನ್ನೇ ತೆಗೆದುಕೊಳ್ಳಿ. ವಾಲನ್ನು ಎಳೆದಾಡುವುದಿಲ್ಲ, ಮೈಯ ಭಾರ ಹಾಕಿ ಹೊಡೆಯಬಹುದು.

ಸಿಓಟೂ ಸಿಲಿಂಡರ್ ಕೆಟ್ಟದ್ದಲ್ಲ, ಆದರೆ ಅದೂ ಬಂಕಿನ ಹಾಗೆಯೇ ಕ್ಷಣದಲ್ಲಿ ಮುಗಿಸುವ ಆಸಾಮಿ. 16 ಗ್ರಾಮಿನದು ನಿಮ್ಮ 38 ಟಯರಿಗೆ ಹೆಚ್ಚುಕಮ್ಮಿ 50 ಪಿಎಸ್‌ಐ ಕೊಡುತ್ತದೆ, ಚೆನ್ನಾಗಿ ಹೊಂದುತ್ತದೆ. ಅದೇ ಸಿಲಿಂಡರನ್ನು ರೇಸ್ ಸೈಕಲ್ಲಿನ 25 ಟಯರಿಗೆ ಪೂರ್ತಿ ಬಿಟ್ಟರೆ ನೂರು ದಾಟಿಬಿಡುತ್ತದೆ. ಗ್ಯಾಸ್ ಹೊರಬರುವಾಗ ಸಿಲಿಂಡರ್ ಮಂಜುಗಟ್ಟುತ್ತದೆ, ಬರಿಗೈಯಲ್ಲಿ ಹಿಡಿದರೆ ಚರ್ಮ ಅಂಟಿ ಸುಟ್ಟ ಹಾಗಾಗುತ್ತದೆ. ಆಮೇಲೆ ಈ ಗ್ಯಾಸ್ ರಬ್ಬರಿನ ಮೂಲಕ ಬೇಗ ಸೋರುತ್ತದೆ, ಮಾರನೇ ದಿನ ಟಯರ್ ಮೆತ್ತಗಾದರೆ ಮತ್ತೆ ಪಂಚರ್ ಅಂತ ಗಾಬರಿಯಾಗಬೇಡಿ, ಉಳಿದದ್ದು ಬಿಟ್ಟು ಮಾಮೂಲಿ ಗಾಳಿ ತುಂಬಿ. ಒಂದು ಸಿಲಿಂಡರ್ ಅಂದರೆ ಒಂದೇ ಅವಕಾಶ. ಹಾಗಾಗಿ ಇಟ್ಟುಕೊಳ್ಳುವುದಾದರೆ ಪಂಪಿನ ಜೊತೆಗೆ ಇಟ್ಟುಕೊಳ್ಳಿ, ಪಂಪಿನ ಬದಲಿಗೆ ಬೇಡ. ಮೊದಲ 20 ಪಿಎಸ್‌ಐ ಪಂಪಿನಲ್ಲೇ ಹೊಡೆದು, ಗೆರೆ ನೋಡಿ, ಆಮೇಲೆ ಸಿಲಿಂಡರನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಚಾರ್ಜ್ ಮಾಡುವ ಸಣ್ಣ ಬ್ಯಾಟರಿ ಪಂಪುಗಳೂ ಈಗ ಬಂದಿವೆ, ನಿಧಾನಕ್ಕೆ ತುಂಬುತ್ತವೆ, ಬೇಕಾದ ಸಂಖ್ಯೆಗೆ ನಿಲ್ಲುತ್ತವೆ. ಚಾರ್ಜ್ ಇದ್ದರೆ ಸರಿ.

ಬಂಕಿಗೇ ಹೋಗಬೇಕಾಗಿ ಬಂದರೆ 60 ಅಂತ ಹೇಳಬೇಡಿ. ಮೊದಲು ಕಡಿಮೆ ಇಡಿಸಿ, 35 ಸಾಕು. ಮೆಷಿನ್ ನಿಂತ ಮೇಲೆ ಕೊಳವೆ ತೆಗೆಸಿ, ಗೆರೆ ನೋಡಿ, ಆಮೇಲೆ 50 ಇಡಿಸಿ. ಕೈಯಲ್ಲಿ ಒತ್ತುವ ಗನ್ ಇದ್ದರೆ ಚಿಟಿಕೆ ಹೊಡೆದಷ್ಟು ಹೊತ್ತು ಒತ್ತಿ ಬಿಡಿ. ಪಂಚರ್ ಅಂಗಡಿಯ ಕಂಪ್ರೆಸರಿಗೂ ಇದೇ ಮಾತು, ಅಲ್ಲಿ ತಾನಾಗಿ ನಿಲ್ಲುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮದು ಬೈಕಿನಂಥ ವಾಲು ಆದ್ದರಿಂದ ಬಂಕಿನ ಕೊಳವೆ ಕೂತಿತು. ರೇಸ್ ಸೈಕಲ್ಲಿನ ತೆಳು ವಾಲಿಗೆ ಹಿತ್ತಾಳೆಯ ಸಣ್ಣ ಅಡಾಪ್ಟರ್ ಬೇಕು. ಆ ತೆಳು ವಾಲಿನ ತುದಿಯ ನಟ್ಟು ಸಡಿಲಿಸಿ ಒಮ್ಮೆ ಒತ್ತಿ ಆಮೇಲೆ ಗಾಳಿ ಹೊಡೆಯಬೇಕು.

ಗೇಜ್ ಇಲ್ಲದೆ ಎಷ್ಟು ಅಂತ? ನೀವು 70–75 ಕೆಜಿ ಇದ್ದೀರಿ ಅಂತ ಇಟ್ಟುಕೊಂಡರೆ ಹಿಂದಕ್ಕೆ 55–60, ಮುಂದಕ್ಕೆ ಅದಕ್ಕಿಂತ ಐದು ಕಡಿಮೆ ಸಾಕು. ಟಯರಿನ ಮೇಲಿನ 75 ಗುರಿ ಅಲ್ಲ, ಮಿತಿ. ದಾರಿಯಲ್ಲಿ 50 ಬಂದರೂ ಆರಾಮವಾಗಿ ಮನೆ ಸೇರುತ್ತೀರಿ. ಕಲ್ಲಿನಷ್ಟು ಗಟ್ಟಿ ಮಾಡಿದರೆ ಮುಳ್ಳು ಚುಚ್ಚುವುದಿಲ್ಲ ಅನ್ನುವುದು ಸುಳ್ಳು, ಮೈಕೈ ನೋವು ಬರುತ್ತದೆ ಅಷ್ಟೇ. ಕೈ ಅಂದಾಜು ಮಾತ್ರ ಮನೆಯಲ್ಲೇ ಕಲಿಯಬೇಕು. ಗೇಜ್ ಇರುವ ದೊಡ್ಡ ಪಂಪಿನಲ್ಲಿ 30 ಹೊಡೆದು ಟಯರಿನ ಪಕ್ಕವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಆಮೇಲೆ 40ಕ್ಕೆ, 50ಕ್ಕೆ. ಅದೇ ಟಯರಿನ ಮೇಲೆ ನಾಲ್ಕಾರು ಸಲ ಹೀಗೆ ಮಾಡಿದರೆ ಬೆರಳಿಗೆ ನೆನಪಿರುತ್ತದೆ. ಬೇರೆಯವರ ಸೈಕಲ್ ಮೇಲೆ ಈ ಅಂದಾಜು ನಡೆಯುವುದಿಲ್ಲ, ಟಯರ್ ದಪ್ಪ ಬದಲಾದರೆ ಎಲ್ಲ ಬದಲು. ಇನ್ನೊಂದು ಗುರುತು, ಸೈಕಲ್ ಮೇಲೆ ಕೂತು ಹಿಂದಿನ ಟಯರ್ ನೋಡಿದರೆ ನೆಲ ಮುಟ್ಟುವ ಕಡೆ ಸ್ವಲ್ಪವೇ ಉಬ್ಬಬೇಕು. ಅಗಲಕ್ಕೆ ಚಪ್ಪಟೆಯಾದರೆ ಗುಂಡಿಯಲ್ಲಿ ರಿಮ್ ಬಡಿಯುತ್ತದೆ.

ನೀವು ಕೇಳದ ಒಂದು ವಿಷಯ, ಆದರೆ ಟ್ಯೂಬ್ ಒಡೆಯುವುದಕ್ಕಿಂತ ಇದಕ್ಕೇ ನಾನು ಜಾಸ್ತಿ ಹೆದರುತ್ತೇನೆ. ನಿಮ್ಮದು ರಿಮ್ ಬ್ರೇಕ್ ಆದರೆ ಚಕ್ರ ಬಿಚ್ಚಲು ಅದನ್ನು ಸಡಿಲಿಸಿರುತ್ತೀರಿ. ಪಂಚರ್ ಹಾಕಿ, ಗಾಳಿ ತುಂಬಿ, ಬೆವರು ಒರೆಸಿಕೊಂಡು ಹೊರಡುವಾಗ ಅದನ್ನು ವಾಪಸ್ ಸಿಕ್ಕಿಸುವುದು ಮರೆಯುವವರು ಬಹಳ. ಇಳಿಜಾರಿನಲ್ಲಿ ಹಿಡಿ ಒತ್ತಿದಾಗ ಬ್ರೇಕ್ ಇರುವುದಿಲ್ಲ. ಚಕ್ರ ಪೂರ್ತಿ ಗೂಡಿಗೆ ಕೂತಿದೆಯಾ, ಬಿಗಿ ಮಾಡುವ ಹಿಡಿ ಅಂಗೈಯಲ್ಲಿ ಗುರುತು ಮೂಡುವಷ್ಟು ಬಿಗಿಯಾಗಿ ಮುಚ್ಚಿದೆಯಾ, ಚಕ್ರ ಎಲ್ಲೂ ಉಜ್ಜದೆ ತಿರುಗುತ್ತಾ, ಎರಡೂ ಬ್ರೇಕ್ ಹಿಡಿಯುತ್ತವಾ, ನೋಡಿ ಹೊರಡಿ. ಆಮೇಲೆ ಒಂದು ಕಿಲೋಮೀಟರ್ ಹೋಗಿ ನಿಲ್ಲಿಸಿ ಟಯರಿನ ಗೆರೆಯನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.

ಆ ಟಯರ್ ಮತ್ತೆ ಬಳಸಬಹುದು, ಆದರೆ ಸ್ಫೋಟ ಆದ ಜಾಗದಲ್ಲಿ ಅಂಚಿನ ತಂತಿ ಹೊರಗೆ ಬಂದಿದೆಯಾ, ದಾರ ಕಿತ್ತಿದೆಯಾ ನೋಡಿ. ಏನಾದರೂ ಕಂಡರೆ ಮುಲಾಜಿಲ್ಲದೆ ಬದಲಿಸಿ. ಹೊಸ ಟ್ಯೂಬ್ ತರುವಾಗ 700×35–43 ಅಂತ ಬರೆದಿರುವುದನ್ನು, ಈಗಿರುವಂಥದ್ದೇ ವಾಲಿನದನ್ನು ಕೇಳಿ. ಅದನ್ನು ಸೀಟಿನಡಿಯ ಚೀಲದಲ್ಲಿ ಪಾನಾಗಳ ಜೊತೆ ಹಾಗೇ ಬಿಸಾಡಿದರೆ ಕುಲುಕಾಟಕ್ಕೆ ಉಜ್ಜಿ ಉಜ್ಜಿ ಅಲ್ಲೇ ತೂತಾಗುತ್ತದೆ. ಹಳೇ ಕಾಲುಚೀಲದಲ್ಲಿ ಹಾಕಿಡಿ, ಆ ಕಾಲುಚೀಲ ಚೈನ್ ಮುಟ್ಟುವಾಗ ಕೈಗೂ ಆಗುತ್ತದೆ. ಪ್ಯಾಚು, ಸೊಲ್ಯೂಷನ್ನೂ ಇರಲಿ, ಜಾಲಿ ಮುಳ್ಳು ಒಂದಕ್ಕೇ ನಿಲ್ಲುತ್ತದೆ ಅಂತ ಹೇಳಲಾಗುವುದಿಲ್ಲ. ಸೊಲ್ಯೂಷನ್ ಟ್ಯೂಬಿನ ಮುಚ್ಚಳ ಒಮ್ಮೆ ತೆಗೆದಿದ್ದರೆ ಒಳಗೆ ಒಣಗಿರಬಹುದು, ಹೊರಡುವ ಹಿಂದಿನ ದಿನ ಒತ್ತಿ ನೋಡಿ.